ನೀರು ಅವರ ಚಾವಣಿಯಲ್ಲಿ ಆವಿ, ಉಪ್ಪು ನಮ್ಮ ಕೆರೆಯಲ್ಲಿ

ನಿಮ್ಮ ತೋಟದ ಡ್ರಿಪ್ ಪೈಪನ್ನು ಒಮ್ಮೆ ಬಿಚ್ಚಿ ನೋಡಿ. ನೀರು ತೊಟ್ಟಿಕ್ಕುವ ತೂತಿನ ಸುತ್ತ ಸುಣ್ಣ ಬಳಿದಂತೆ ಬೆಳ್ಳಗೆ ಕಟ್ಟಿರುತ್ತೆ. ಬಿಟ್ಟರೆ ತೂತೇ ಮುಚ್ಚಿಹೋಗುತ್ತೆ. ಆಮೇಲೆ ಆ್ಯಸಿಡ್ ತಂದು ಪೈಪಿಗೆ ಬಿಟ್ಟು ತೊಳೆಯುತ್ತೀರಿ. ಸ್ನಾನದ ಹಂಡೆಯ ಒಳಗೆ ಕಟ್ಟುವುದೂ ಅದೇ ಬಿಳಿ ಪದರ.

ಬೆಂಗಳೂರಿನ ದೊಡ್ಡ ದೊಡ್ಡ ಮಿಷನ್‌ಗಳಿಗೂ ಇದೇ ಕಾಯಿಲೆ. ಮಾಲ್, ಆಸ್ಪತ್ರೆ, ಐಟಿ ಪಾರ್ಕ್‌ಗಳ ತಲೆಯ ಮೇಲೆ ಕೂತಿರುವ ಕೂಲಿಂಗ್ ಟವರ್, ಫ್ಯಾಕ್ಟ್ರಿ ಮತ್ತು ಲಾಂಡ್ರಿಗಳಲ್ಲಿ ಉಗಿ ಮಾಡುವ ಬಾಯ್ಲರ್, ಎರಡಕ್ಕೂ ನೀರಿನ ಸುಣ್ಣ ಮತ್ತು ಉಪ್ಪು ಕಂಡರೆ ಭಯ. ಅವರ ಬಳಿ ಇಂಜಿನಿಯರ್ ಇದ್ದಾರೆ, ಕೆಮಿಕಲ್ ಇದೆ, ಎಲ್ಲಕ್ಕಿಂತ ಮುಖ್ಯವಾಗಿ ಉಪ್ಪನ್ನು ಆಚೆ ತಳ್ಳಲು ಚರಂಡಿ ಇದೆ.

ಆ ಚರಂಡಿಯ ಇನ್ನೊಂದು ತುದಿಯಲ್ಲಿ ನಾವಿದ್ದೇವೆ. ಇವತ್ತಿನ ಜಗಳ ಅದರ ಬಗ್ಗೆ.

ನೊರೆ ಫೋಟೊಗೆ ಸಿಕ್ಕಿತು, ಉಪ್ಪು ಸಿಗಲಿಲ್ಲ

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ.

2018ರ ಜೂನ್‌ನಲ್ಲಿ ಕೋರಮಂಗಲ-ಚಲ್ಲಘಟ್ಟ ವ್ಯಾಲಿಯ ನೀರು, ನಾವೆಲ್ಲ ಕೆ.ಸಿ. ವ್ಯಾಲಿ ಎನ್ನುವ ನೀರು, ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಬರದ ಜಿಲ್ಲೆಯ ಕೆರೆ ತುಂಬಿಸುವ ಯೋಜನೆ ಅದು. ದಿನಕ್ಕೆ 440 ಎಂಎಲ್‌ಡಿ, ಅಂದರೆ 44 ಕೋಟಿ ಲೀಟರ್ ಗುರಿ. ಮರುತಿಂಗಳೇ ನೀರಿನ ಮೇಲೆ ನೊರೆ ಎದ್ದಿತು, ಹೈಕೋರ್ಟ್ ನೀರು ಬಿಡುವುದನ್ನು ತಡೆಯಿತು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

ನಾವು ಜಿಲ್ಲಾ ವರದಿಗಾರರು ಬೈಕ್ ಹತ್ತಿ ಓಡಿದೆವು, ನೊರೆಯ ಫೋಟೊ ಹೊಡೆದು ಕಳಿಸಿದೆವು. ಪೇಪರಿನವರಿಗೆ ಬೇಕಾಗಿದ್ದೂ ಅದೇ. ನೊರೆ ನಿಂತ ಮೇಲೆ ಸುದ್ದಿಯೂ ನಿಂತಿತು. ನೀರಿನಲ್ಲಿ ಕರಗಿದ ಉಪ್ಪು ಕಣ್ಣಿಗೆ ಕಾಣಲ್ಲ, ವಾಸನೆ ಬರಲ್ಲ, ಫೋಟೊಗೆ ಸಿಗಲ್ಲ. ಅದರ ಬಗ್ಗೆ ನಾವು ಒಂದು ಕಾಲಂ ಕೂಡ ಬರೆಯಲಿಲ್ಲ.

ಆ ನೀರು ಬಂದ ಮೇಲೆ ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಕಂಡಿದ್ದು ಸುಳ್ಳಲ್ಲ. ಸಾವಿರ ಅಡಿ ಕೊರೆಸಿ ಸಾಲ ಮಾಡಿಕೊಂಡವರಿಗೆ ಅದು ಎಷ್ಟು ದೊಡ್ಡ ವಿಷಯ ಎಂದು ನಮಗೂ ಗೊತ್ತು. ನೀರು ಬೇಡ ಅಂತ ನಾವು ಹೇಳುತ್ತಿಲ್ಲ. ನೀರಿನ ಜೊತೆ ಬರುವುದರ ಲೆಕ್ಕ ಕೊಡಿ ಅಂತ ಕೇಳುತ್ತಿದ್ದೇವೆ.

ಚಾವಣಿಯ ಮೇಲೆ ನಾವು ನೋಡಿದ್ದು

ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಐಟಿಐ ಮುಗಿಸಿ ಬೆಂಗಳೂರಿನ ಒಂದು ದೊಡ್ಡ ಕಟ್ಟಡದಲ್ಲಿ ಎಸಿ ಪ್ಲಾಂಟ್ ನೋಡಿಕೊಳ್ಳುತ್ತಾನೆ. ಕಟ್ಟಡದ ಹೆಸರು ಬೇಡ, ಹುಡುಗನ ಕೆಲಸ ಹೋಗುವುದು ನಮಗೆ ಬೇಕಾಗಿಲ್ಲ. ಒಂದು ಭಾನುವಾರ ಅವನ ಜೊತೆ ಚಾವಣಿ ಹತ್ತಿದೆವು.

ಕೂಲಿಂಗ್ ಟವರ್ ಅಂದರೆ ದೊಡ್ಡ ಮಣ್ಣಿನ ಮಡಕೆ ಅಂದುಕೊಳ್ಳಿ. ಮಡಕೆಯ ಮೈಯಿಂದ ಸ್ವಲ್ಪ ನೀರು ಆವಿಯಾಗುತ್ತೆ, ಹೋಗುವಾಗ ಶಾಖ ತೆಗೆದುಕೊಂಡು ಹೋಗುತ್ತೆ, ಉಳಿದ ನೀರು ತಣ್ಣಗಾಗುತ್ತೆ. ಟವರ್‌ನಲ್ಲೂ ಅಷ್ಟೇ. ಎಸಿ ಮಿಷನ್ನಿನ ಶಾಖ ಹೊತ್ತು ಬಂದ ಬಿಸಿ ನೀರು ಮೇಲಿನಿಂದ ಸುರಿಯುತ್ತೆ, ಫ್ಯಾನ್ ಗಾಳಿ ಎಳೆಯುತ್ತೆ, ಸ್ವಲ್ಪ ಆವಿಯಾಗಿ ಆಕಾಶಕ್ಕೆ ಹೋಗುತ್ತೆ. ತಣ್ಣಗಾದ ಉಳಿದ ನೀರು ಮತ್ತೆ ಮಿಷನ್ನಿಗೆ.

ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಹೋಗಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಾ ಹೋದರೆ ಏನಾಗುತ್ತೆ? ನೀರು ಇಂಗುತ್ತೆ, ಸಾರು ಉಪ್ಪಾಗುತ್ತೆ. ಟವರ್ ನೀರೂ ಹಾಗೇ ಗಂಟೆ ಗಂಟೆಗೂ ಉಪ್ಪಾಗುತ್ತೆ. ಹಾಗೇ ಬಿಟ್ಟರೆ ಪೈಪಿಗೆ ಸುಣ್ಣ ಕಟ್ಟುತ್ತೆ, ಕಬ್ಬಿಣ ತುಕ್ಕು ಹಿಡಿಯುತ್ತೆ. ಅದಕ್ಕೆ ಉಪ್ಪಾದ ನೀರನ್ನು ಆಗಾಗ ಹೊರಗೆ ಬಿಟ್ಟು ಹೊಸ ನೀರು ತುಂಬಿಸುತ್ತಾರೆ. ಹೊರಗೆ ಬಿಡುವುದಕ್ಕೆ ಬ್ಲೋಡೌನ್ ಎನ್ನುತ್ತಾರೆ, ತುಂಬಿಸುವುದಕ್ಕೆ ಮೇಕಪ್ ನೀರು ಎನ್ನುತ್ತಾರೆ.

ಹುಡುಗ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ತೋರಿಸಿದ. ಟ್ಯಾಂಕರಿನಲ್ಲಿ ಬಂದ ಬೋರ್‌ವೆಲ್ ನೀರು ಹತ್ತಿರ ಹತ್ತಿರ 1,000. ಟವರ್‌ನ ತೊಟ್ಟಿಯ ನೀರು 3,000. ನಿಮ್ಮೂರಿನ ಆರ್‌ಒ ಘಟಕದ ಬೋರ್ಡಿನಲ್ಲಿ ಟಿಡಿಎಸ್ ಅಂತ ಓದಿರುತ್ತೀರಿ. ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎನ್ನುವ ಲೆಕ್ಕ ಅದು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ 500, ಬೇರೆ ದಾರಿಯೇ ಇಲ್ಲದಿದ್ದರೆ 2,000.

"ಈ ಮೂರು ಸಾವಿರದ ನೀರು ಎಲ್ಲಿಗಪ್ಪಾ ಹೋಗುತ್ತೆ?" ಅಂತ ಕೇಳಿದೆವು.

"ಯುಜಿಡಿಗೇ ಅಣ್ಣ, ಇನ್ನೆಲ್ಲಿಗೆ?" ಅಂದ. "ಕೆಮಿಕಲ್ ಕಂಪನಿಯವ್ರು ತಿಂಗಳಿಗೊಂದ್ಸಲ ಬತ್ತಾರೆ. ಸ್ಯಾಂಪಲ್ ತಗೋತಾರೆ. ನಮ್ ಪೈಪಿಗೇನಾಗದೆ ಅಂತ ನೋಡ್ತಾರೆ. ಚರಂಡಿಗೇನಾಗದೆ ಅಂತ ಇದುವರ್ಗೂ ಒಬ್ರೂ ಕೇಳಿಲ್ಲ."

ಈ ಮಾತನ್ನು ನಾವು ಅಲ್ಲೇ ಬರೆದುಕೊಂಡೆವು.

ಟ್ಯಾಂಕರ್ ಲೆಕ್ಕ

ಲೆಕ್ಕ ಮಾಡೋಣ, ಕಷ್ಟವೇನಿಲ್ಲ. 500 ಟನ್ ಎಸಿ ಪ್ಲಾಂಟ್ ದಿನಕ್ಕೆ 10 ಗಂಟೆ ಪೂರ್ತಿ ಓಡುತ್ತೆ ಅಂತಿಟ್ಟುಕೊಳ್ಳಿ. ಒಂದು ಟನ್ನಿಗೆ ಒಂದು ಗಂಟೆಗೆ ಸುಮಾರು 6 ಲೀಟರ್ ಆವಿಯಾಗುತ್ತೆ. ಅಂದರೆ ದಿನಕ್ಕೆ 30,000 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ 5 ಟ್ಯಾಂಕರ್ ನೀರು ಗಾಳಿಗೆ ಹೋಯಿತು.

ಆವಿಯಾಗುವುದನ್ನು ತಪ್ಪಿಸಲು ಆಗಲ್ಲ, ಟವರ್ ಕೆಲಸ ಮಾಡುವುದೇ ಅದರಿಂದ. ನಮ್ಮ ಪ್ರಶ್ನೆ ಬ್ಲೋಡೌನ್ ಎಷ್ಟು ಎಂಬುದು.

ತುಂಬಿಸಿದ ನೀರಿಗಿಂತ ಎರಡು ಪಟ್ಟು ಉಪ್ಪಾದ ತಕ್ಷಣ ಹೊರಗೆ ಬಿಟ್ಟರೆ ಇನ್ನೂ 5 ಟ್ಯಾಂಕರ್ ಚರಂಡಿಗೆ. ದಿನಕ್ಕೆ ಒಟ್ಟು 10 ಟ್ಯಾಂಕರ್ ಬೇಕು. ಮೂರು ಪಟ್ಟಿನವರೆಗೆ ತಾಳಿದರೆ ಒಟ್ಟು ಏಳೂವರೆ. ಆರು ಪಟ್ಟಿನವರೆಗೆ ತಿರುಗಿಸಿದರೆ ಆರೇ ಸಾಕು. ಗಡಸು ಬೋರ್‌ವೆಲ್ ನೀರಿನಲ್ಲಿ ಆರು ಪಟ್ಟು ಸುಲಭವಲ್ಲ. ಮೊದಲೇ ನೀರನ್ನು ಚೆನ್ನಾಗಿ ಶುದ್ಧ ಮಾಡಬೇಕು, ಉಪ್ಪು ಅಳೆದು ತಾನೇ ವಾಲ್ವ್ ತೆರೆಯುವ ಕಂಟ್ರೋಲರ್ ಹಾಕಬೇಕು. ಅದಕ್ಕೆ ದುಡ್ಡು ಬೇಕು. ಟ್ಯಾಂಕರ್ ನೀರು ಅದಕ್ಕಿಂತ ಅಗ್ಗವಾಗಿದ್ದರೆ ಯಾರು ಖರ್ಚು ಮಾಡುತ್ತಾರೆ?

ಈಗ ಉಪ್ಪು. ಆ ಹುಡುಗನ ಟವರ್‌ನಂತೆ ಮೂರು ಪಟ್ಟಿನಲ್ಲಿ ಓಡಿದರೆ ದಿನಕ್ಕೆ 45,000 ಲೀಟರ್ ಒಳಗೆ ಬರುತ್ತೆ. ಲೀಟರಿಗೆ ಒಂದು ಗ್ರಾಂ ಲವಣ, ಅಂದರೆ 45 ಕೆಜಿ. ಹತ್ತಿರ ಹತ್ತಿರ ಒಂದು ಮೂಟೆ. ಒಂದು ಕಟ್ಟಡ, ಒಂದು ದಿನ, ಒಂದು ಮೂಟೆ. ಅದು ಎಲ್ಲಿಯೂ ಮಾಯವಾಗಲ್ಲ, ಪೂರ್ತಿ ಚರಂಡಿಗೆ ಹೋಗುತ್ತೆ. ಜೊತೆಗೆ ತುಕ್ಕು ತಡೆಯಲು ಹಾಕಿದ ಫಾಸ್ಫೇಟ್ ಅಥವಾ ಸತು, ಪಾಚಿ ಮತ್ತು ರೋಗಾಣು ಕೊಲ್ಲಲು ಹಾಕಿದ ಔಷಧಿಯೂ ಹೋಗುತ್ತೆ. ಕೊಳಚೆ ಶುದ್ಧ ಮಾಡುವ ಎಸ್‌ಟಿಪಿಯಲ್ಲಿ ಕೆಲಸ ಮಾಡುವುದೂ ಸೂಕ್ಷ್ಮಜೀವಿಗಳೇ ಎನ್ನುವುದು ನೆನಪಿರಲಿ. ಕೊಲ್ಲುವ ಔಷಧಿ ಹೆಚ್ಚಾಗಿ ಬಂದರೆ ಅವೂ ಸಾಯುತ್ತವೆ.

ಬಾಯ್ಲರ್‌ಗೆ ಇನ್ನೂ ನಾಜೂಕು

ಬಾಯ್ಲರ್ ಒಳಗೆ 1 ಮಿ.ಮೀ. ಸುಣ್ಣ ಕಟ್ಟಿದರೆ ಇಂಧನದ ಖರ್ಚು ನೂರಕ್ಕೆ 5ರಿಂದ 8ರಷ್ಟು ಏರುತ್ತೆ. ಜಾಸ್ತಿ ಕಟ್ಟಿದರೆ ಕೊಳವೆ ಕಾದು ಒಡೆಯುತ್ತೆ, ಪ್ರಾಣಕ್ಕೂ ಅಪಾಯ. ಹಾಗಾಗಿ ನೀರನ್ನು ಸಾಫ್ಟ್ನರ್ ಎಂಬ ಡ್ರಮ್ಮಿನಲ್ಲಿ ಹಾಯಿಸುತ್ತಾರೆ. ಅದರೊಳಗಿನ ರೆಸಿನ್ ಕಾಳುಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಕಾಳುಗಳು ತುಂಬಿದ ಮೇಲೆ ಉಪ್ಪು ನೀರಿನಲ್ಲಿ ತೊಳೆದು ಮತ್ತೆ ಸಜ್ಜು ಮಾಡಬೇಕು. ತೊಳೆದ ಆ ನೀರಿಗೂ ಚರಂಡಿಯೇ ದಾರಿ.

ದಿನಕ್ಕೆ 10,000 ಲೀಟರ್ ಗಡಸು ನೀರು ಬಳಸುವ ಒಂದು ಸಾಧಾರಣ ಬಾಯ್ಲರ್. ನೀರಿನ ಗಡಸುತನ 500 ಅಂತಿಟ್ಟುಕೊಳ್ಳಿ, ನಮ್ಮ ಕಡೆಯ ಬೋರ್‌ವೆಲ್‌ಗೆ ಅದೇನು ಅಪರೂಪವಲ್ಲ. ಅದನ್ನು ತೆಗೆಯಲು ದಿನಕ್ಕೆ 10ರಿಂದ 15 ಕೆಜಿ ಉಪ್ಪು ಬೇಕಾಗುತ್ತೆ. ಭೂಮಿಯಿಂದ ಬಂದ ಸುಣ್ಣದ ಜೊತೆ ಅಂಗಡಿಯಿಂದ ತಂದ ಉಪ್ಪೂ ಸೇರಿ ಹೋಯಿತು.

ಬಾಯ್ಲರ್ ಸಿಡಿಯದಂತೆ ನೋಡಿಕೊಳ್ಳಲು ನಮ್ಮ ದೇಶದಲ್ಲಿ 1923ರಲ್ಲೇ ಕಾಯ್ದೆ ಬಂತು. ಒಳ್ಳೆಯದೇ. ಬಾಯ್ಲರ್‌ನ ಉಪ್ಪು ಯಾರ ಹೊಲಕ್ಕೆ ಹೋಗುತ್ತೆ ಎಂದು ನೋಡುವ ಕಾಳಜಿ ಮಾತ್ರ ಅಷ್ಟು ಬೇಗ ಬರಲಿಲ್ಲ.

ಶುದ್ಧೀಕರಣ ಅಂದರೆ ಉಪ್ಪು ತೆಗೆಯುವುದಲ್ಲ

ಇಲ್ಲಿ ನಮ್ಮ ಹೋರಾಟಗಾರ ಗೆಳೆಯರಿಗೂ ಒಂದು ಮಾತು. "ಮೂರನೇ ಹಂತದ ಶುದ್ಧೀಕರಣ ಮಾಡಿ" ಎನ್ನುವ ಬೇಡಿಕೆ ಸರಿಯಾದದ್ದೇ. ಅದರಿಂದ ಕೊಳೆ, ರೋಗಾಣು, ಫಾಸ್ಫೇಟ್ ಕಡಿಮೆಯಾಗುತ್ತೆ. ಆದರೆ ಕರಗಿದ ಉಪ್ಪು ಎರಡನೇ ಹಂತದಲ್ಲೂ ಹೋಗಲ್ಲ, ಮೂರನೇ ಹಂತದ ಸಾಮಾನ್ಯ ಫಿಲ್ಟರ್‌ನಲ್ಲೂ ಹೋಗಲ್ಲ. ಅದಕ್ಕೆ ಆರ್‌ಒ ಬೇಕು. 44 ಕೋಟಿ ಲೀಟರಿಗೆ ಆರ್‌ಒ ಹಾಕುವುದು ಎಂಥ ಖರ್ಚು, ಯೋಚಿಸಿ. ಅದಕ್ಕಿಂತ ಅಗ್ಗದ ದಾರಿ, ಉಪ್ಪು ಚರಂಡಿಗೆ ಬೀಳುವ ಜಾಗದಲ್ಲೇ ತಡೆಯುವುದು.

ಒಂದು ಸಣ್ಣ ಗುಣಾಕಾರ ಮಾಡಿ. 440 ಎಂಎಲ್‌ಡಿ ನೀರಿನಲ್ಲಿ ಲೀಟರಿಗೆ ಬರೀ 100 ಮಿಲಿಗ್ರಾಂ ಲವಣ ಹೆಚ್ಚಾದರೆ ದಿನಕ್ಕೆ 44 ಟನ್ ಆಗುತ್ತೆ. ಕೆರೆಗೆ ಬಂದ ಮೇಲೆ ಬೇಸಿಗೆಯಲ್ಲಿ ಏನಾಗುತ್ತೆ? ನೀರು ಆವಿಯಾಗುತ್ತೆ, ಉಪ್ಪು ಉಳಿಯುತ್ತೆ. ನಮ್ಮ ಕೆರೆಯೇ ಒಂದು ಕೂಲಿಂಗ್ ಟವರ್ ಆಗುತ್ತೆ. ವ್ಯತ್ಯಾಸ ಇಷ್ಟೇ, ಅದರ ಬ್ಲೋಡೌನ್ ಬೋರ್‌ವೆಲ್‌ಗೆ ಇಳಿಯುತ್ತೆ.

ಸೋಡಿಯಂ ಹೆಚ್ಚಿದ ನೀರು ವರ್ಷಗಟ್ಟಲೆ ಹಾಯಿಸಿದರೆ ಮಣ್ಣು ಗಟ್ಟಿಯಾಗುತ್ತೆ, ನೀರು ಇಂಗಲ್ಲ, ಮೇಲೆ ಪೊರೆ ಕಟ್ಟುತ್ತೆ. ಚೌಳು ಭೂಮಿ ಎಂದರೆ ಏನೆಂದು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ.

ಹೆದರಿಸುವುದಕ್ಕೆ ಹೇಳುತ್ತಿಲ್ಲ. ಪಕ್ಕದ ತಮಿಳುನಾಡಿನಲ್ಲಿ ಇದು ನಡೆದುಹೋಗಿದೆ. ತಿರುಪ್ಪೂರಿನ ಬಣ್ಣದ ಘಟಕಗಳ ಉಪ್ಪು ನೀರು ನೊಯ್ಯಲ್ ನದಿಗೆ ಹರಿಯಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಆ ನೀರು ನಿಂತಿತು. ಕೊನೆಗೆ ಆ ಭಾಗದ ರೈತರೇ ಆ ನೀರು ನಮಗೆ ಬೇಡ ಎಂದರು, ಕೋರ್ಟಿಗೆ ಹೋದರು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನೇ ಮುಚ್ಚಿಸಿತು. ಹೊರಗೆ ಒಂದು ಹನಿ ಬಿಡದೆ ಉಪ್ಪನ್ನು ಒಳಗೇ ಉಳಿಸಿಕೊಳ್ಳುವ ಘಟಕಗಳು ಗಂಭೀರವಾಗಿ ಓಡಲು ಶುರುವಾದದ್ದು ಆಮೇಲೆ. ಹೊಲ ಕೆಟ್ಟ ಮೇಲೆ ಬಂದ ಬುದ್ಧಿ ಅದು.

ಅವರು ಹೇಳುವ ಮೂರು ಮಾತು

ಒಂದು: "ಉಪ್ಪೆಲ್ಲ ಟವರ್‌ನಿಂದಲೇ ಬರುತ್ತಾ? ಮನೆಗಳಿಂದಲೂ ಬರುತ್ತೆ." ನಿಜ. ಅಪಾರ್ಟ್‌ಮೆಂಟಿನ ಸಾಫ್ಟ್ನರ್, ಸೋಪು, ಊಟದ ಉಪ್ಪು, ಬೋರ್‌ವೆಲ್ ನೀರು, ಎಲ್ಲದರಿಂದಲೂ ಬರುತ್ತೆ. ಆದರೆ ಲಕ್ಷಾಂತರ ಮನೆಗಳ ಬಚ್ಚಲಿಗೆ ಮೀಟರ್ ಹಾಕಲು ಆಗಲ್ಲ. ಟವರ್ ಮತ್ತು ಬಾಯ್ಲರ್‌ನ ಬ್ಲೋಡೌನ್ ಒಂದೇ ಪೈಪಿನಲ್ಲಿ, ಒಂದೇ ವಾಲ್ವಿನಿಂದ ಬರುತ್ತೆ. ಅಳೆಯಲು ಇದಕ್ಕಿಂತ ಸುಲಭದ ಜಾಗ ಇಲ್ಲ. ಸುಲಭದ್ದನ್ನೇ ಮಾಡದವರು ಕಷ್ಟದ್ದನ್ನು ಯಾವಾಗ ಮಾಡುತ್ತಾರೆ?

ಎರಡು: "ಎಲ್ಲ ನಿಯಮದ ಪ್ರಕಾರ ಇದೆ." ಯಾವ ನಿಯಮ? ಥರ್ಮಲ್ ವಿದ್ಯುತ್ ಸ್ಥಾವರಗಳ ಕೂಲಿಂಗ್ ಟವರ್ ಬ್ಲೋಡೌನ್‌ಗೆ ಕೇಂದ್ರದ ಮಿತಿ ಇದೆ. ಲೀಟರಿಗೆ ಕ್ಲೋರಿನ್ 0.5, ಸತು 1, ಕ್ರೋಮಿಯಂ 0.2, ಫಾಸ್ಫೇಟ್ 5 ಮಿಲಿಗ್ರಾಂ. ಆ ಪಟ್ಟಿಯಲ್ಲಿ ಉಪ್ಪಿನ ಹೆಸರೇ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಮೀರುವ ಪ್ರಶ್ನೆಯೇ ಬರಲ್ಲ, ಹಾಗಾಗಿ ಎಲ್ಲರೂ ಪಾಸ್.

ಮೂರು: "ಕೈಗಾರಿಕೆಯಿಂದ ನಿಮ್ಮ ಮಕ್ಕಳಿಗೇ ಕೆಲಸ." ಹೌದು, ಆ ಹುಡುಗ ನಮ್ಮವನೇ. ಅವನ ಸಂಬಳದಲ್ಲಿ ಅವನ ಅಪ್ಪ ಬೋರ್‌ವೆಲ್ ಸಾಲ ತೀರಿಸುತ್ತಿದ್ದಾನೆ. ಮಗ ಬಿಟ್ಟ ಉಪ್ಪು ಅಪ್ಪನ ಬೋರ್‌ವೆಲ್‌ಗೆ ಬಂದರೆ ಆ ಸಂಬಳಕ್ಕೆ ಏನರ್ಥ? ಕೆಲಸ ಮುಚ್ಚಿ ಅಂತ ನಾವು ಕೇಳುತ್ತಿಲ್ಲ. ಕೊಳೆತ ನೀರಿಗೂ ಕೆಲಸಕ್ಕೂ ಗಂಟು ಹಾಕಬೇಡಿ ಅನ್ನುತ್ತಿದ್ದೇವೆ.

ಸಾಲು ತಿರುಗಿಸಿ

ನಮ್ಮ ವಾದ ಒಂದೇ. ಈಗಿನ ಸಾಲು ತಲೆಕೆಳಗಾಗಿದೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ ನೀರು, ಸುತ್ತಲಿನ ಹಳ್ಳಿಗಳ ಬೋರ್‌ವೆಲ್‌ನಿಂದ ಟ್ಯಾಂಕರಿನಲ್ಲಿ ಹೋದ ನೀರು, ಇಂಥ ಒಳ್ಳೆಯ ನೀರು ಮಿಷನ್ ತಣ್ಣಗೆ ಮಾಡಲು ಹೋಗುತ್ತೆ. ಬಳಸಿ ಉಳಿದ ನೀರು ರೈತನ ಕೆರೆಗೆ ಬರುತ್ತೆ. ಮಿಷನ್ನಿಗೆ ಮೊದಲ ಪಂಕ್ತಿ, ಮಣ್ಣಿಗೆ ಕೊನೆಯ ಪಂಕ್ತಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿಲ್ಲದಾಗ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ದಂಡ ಎಂದರು. ಕಾರಿಗೆ ಇರುವ ನಿಯಮ ಟವರ್‌ಗೆ ಯಾಕೆ ಬೇಡ?

ಬೇರೆ ಊರಿನವರು ಮಾಡಿ ತೋರಿಸಿದ್ದಾರೆ. ಚೆನ್ನೈನ ತೈಲ ಶುದ್ಧೀಕರಣ ಮತ್ತು ರಸಗೊಬ್ಬರ ಕಾರ್ಖಾನೆಗಳು 1990ರ ದಶಕದಲ್ಲೇ ಊರಿನ ಕೊಳಚೆ ನೀರು ಕೊಂಡು, ಶುದ್ಧ ಮಾಡಿಕೊಂಡು ಬಳಸಲು ಶುರುಮಾಡಿದವು. 2019ರಲ್ಲಿ ಅಲ್ಲಿ ಕೊಯಂಬೇಡು ಮತ್ತು ಕೊಡುಂಗೈಯೂರಿನಲ್ಲಿ ತಲಾ 45 ಎಂಎಲ್‌ಡಿಯ ಆರ್‌ಒ ಘಟಕ ಬಂದವು. ಕೊಳಚೆ ನೀರನ್ನು ಕಾರ್ಖಾನೆಗೆಂದೇ ಶುದ್ಧ ಮಾಡುವ ಘಟಕಗಳು ಅವು. ನಮ್ಮ ಯಲಹಂಕದಲ್ಲೂ ಕೈಗಾರಿಕೆಗಳಿಗೆ ಕೊಡಲೆಂದು ಮೂರನೇ ಹಂತದ ಘಟಕವಿದೆ, ಆದರೆ ಅದು ಬರೀ 10 ಎಂಎಲ್‌ಡಿ. ಕೆಲವು ಐಟಿ ಕಟ್ಟಡಗಳು ತಮ್ಮದೇ ಎಸ್‌ಟಿಪಿ ನೀರನ್ನು ಟವರ್‌ಗೆ ಬಿಡುತ್ತಿವೆ. ಅವರಿಗೆ ಶಭಾಷ್. ಆದರೆ ಅಲ್ಲೂ ಬ್ಲೋಡೌನ್ ಎಲ್ಲಿಗೆ ಹೋಗುತ್ತೆ ಎಂಬ ಪ್ರಶ್ನೆ ಹಾಗೇ ಇದೆ.

ವಿದ್ಯುತ್ ಸ್ಥಾವರಗಳಿಗೆ 2015ರಲ್ಲೇ ನೀರಿನ ಮಿತಿ ಬಂತು: ಟವರ್ ಇರುವ ಹಳೆಯ ಸ್ಥಾವರಕ್ಕೆ ಒಂದು ಯೂನಿಟ್ ಕರೆಂಟಿಗೆ 3.5 ಲೀಟರ್. 50 ಕಿ.ಮೀ. ಒಳಗೆ ಎಸ್‌ಟಿಪಿ ಇದ್ದರೆ ಅದರ ನೀರನ್ನೇ ಬಳಸಬೇಕು ಎಂದು 2016ರ ವಿದ್ಯುತ್ ದರ ನೀತಿ ಹೇಳುತ್ತೆ. ಇದೇ ನ್ಯಾಯ ನಗರದ ದೊಡ್ಡ ಟವರ್, ಬಾಯ್ಲರ್‌ಗಳಿಗೂ ಬರಲಿ. ಬ್ಲೋಡೌನ್‌ಗೆ ಮೀಟರ್ ಇರಲಿ. ಉಪ್ಪು ನೀರು, ಸಾಫ್ಟ್ನರ್ ತೊಳೆದ ನೀರು, ಆರ್‌ಒ ರಿಜೆಕ್ಟ್, ಮೂರೂ ಯುಜಿಡಿಗೆ ಸೇರದೆ ಬೇರೆಯಾಗಿ ಹೋಗಿ, ಕುದಿಸಿ ಇಂಗಿಸುವ ಘಟಕದಲ್ಲಿ ಮುಗಿಯಲಿ. ಚೆನ್ನೈಗೆ ಪಕ್ಕದಲ್ಲೇ ಸಮುದ್ರ ಇದೆ. ಬೆಂಗಳೂರಿನ ಪಕ್ಕದಲ್ಲಿರುವುದು ನಾವು.

ಊರಿನಲ್ಲಿ ಕೂತು ಮಾಡಬಹುದಾದದ್ದು

ಟಿಡಿಎಸ್ ಪೆನ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಹಾಲಿನ ಡೇರಿಯಲ್ಲೋ ಪಂಚಾಯ್ತಿಯಲ್ಲೋ ಒಂದು ಇಡಿ. ಕೆರೆಯ ನೀರು, ಕೆರೆ ಪಕ್ಕದ ಎರಡು ಬೋರ್‌ವೆಲ್, ದೂರದ ಒಂದು ಬೋರ್‌ವೆಲ್, ತಿಂಗಳಿಗೊಮ್ಮೆ ಅದೇ ತಾರೀಖಿಗೆ ಅಳೆದು ಪುಸ್ತಕದಲ್ಲಿ ಬರೆಯಿರಿ. ಒಂದು ಅಂಕಿಯಿಂದ ಏನೂ ಗೊತ್ತಾಗಲ್ಲ. ಎರಡು ವರ್ಷದ ಅಂಕಿ ಇದ್ದರೆ ಯಾವ ಅಧಿಕಾರಿಯೂ "ಏನೂ ಇಲ್ಲ" ಎಂದು ಕಳಿಸಲು ಆಗಲ್ಲ.

ಗ್ರಾಮಸಭೆಯಲ್ಲಿ ಠರಾವು ಮಾಡಿ: ನಮ್ಮ ಕೆರೆಗೆ ಬರುವ ನೀರಿನ ಟಿಡಿಎಸ್, ಸೋಡಿಯಂ, ಕ್ಲೋರೈಡ್ ವರದಿಯನ್ನು ಪಂಚಾಯ್ತಿ ಬೋರ್ಡಿನಲ್ಲಿ ಹಾಕಬೇಕು. ಕೊಡದಿದ್ದರೆ ಆರ್‌ಟಿಐ ಹಾಕಿ. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, 30 ದಿನದಲ್ಲಿ ಉತ್ತರ. ಬರೆಯಲು ಬಾರದಿದ್ದರೆ ನಮ್ಮನ್ನು ಕರೆಯಿರಿ, ಬಂದು ಬರೆದುಕೊಡುತ್ತೇವೆ.

ಟ್ಯಾಂಕರ್‌ಗೆ ನೀರು ಮಾರುವ ಅಣ್ಣಂದಿರೇ, ನಿಮಗೂ ಒಂದು ಮಾತು. ಇವತ್ತು ನೀವು ತುಂಬಿಸಿ ಕಳಿಸಿದ ನೀರು ಚಾವಣಿಯ ಮೇಲೆ ಆವಿಯಾಗುತ್ತೆ. ಅದರ ಉಪ್ಪು ಮಾತ್ರ ಇನ್ನೊಬ್ಬ ರೈತನ ಕೆರೆಗೆ ವಾಪಸ್ ಬರುತ್ತೆ. ಬಾಡಿಗೆ ಎಣಿಸುವಾಗ ಅದನ್ನೂ ಒಂದು ಸಲ ಎಣಿಸಿ.

ನಾವೂ ನಮ್ಮ ಕೆಲಸ ಮಾಡುತ್ತೇವೆ. ಮುಂದಿನ ಸಲ ಕೆರೆಗೆ ಹೋದಾಗ ಕ್ಯಾಮೆರಾ ಜೊತೆ ಟಿಡಿಎಸ್ ಮೀಟರ್ ಕೂಡ ಜೇಬಿನಲ್ಲಿರುತ್ತೆ. ನೊರೆ ಇಲ್ಲದಿದ್ದರೂ ಸುದ್ದಿ ಬರೆಯುತ್ತೇವೆ.